ಅವರ ನಿಲ್, ನಮ್ಮ ನಿಲ್

ಮೊನ್ನೆ ಬಳ್ಳಾರಿಯ ಒಂದು ಕಾಲೇಜಿನ ಪಿಡಿ ಸರ್‌ಗೆ, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರಿಗೆ, ಒಂದು ಸುದ್ದಿ ಮುಟ್ಟಿಸಿದೆ. "ಸಾರ್, ಅಮೆರಿಕದಾಗ ಬ್ಯಾಸ್ಕೆಟ್‌ಬಾಲ್ ಆಡೋ ಕಾಲೇಜು ಹುಡುಗೇರಿಗೆ ಎನ್‌ಐಎಲ್ ಅಂತ ಕೊಡ್ತಾರಂತ. ಅದು ಯಾವ ಕಾಲೇಜಿನಾಗ ಜಾಸ್ತಿ ಸಿಗತೈತೋ ಅಲ್ಲಿಗೇ ಹುಡುಗೇರು ಸೇರ್ತಾರಂತ" ಅಂದೆ. ಅವರು ಬಾಯಿಗಿಡಲಿದ್ದ ಮಿರ್ಚಿಯನ್ನು ಕಾಗದದ ಮೇಲೆ ಇಟ್ಟರು. ಕೈ ಒರೆಸಿಕೊಂಡು, ಉದ್ದನೆಯ ರಿಜಿಸ್ಟರೊಂದನ್ನು ತೆಗೆದು ನನ್ನ ಕಡೆ ತಿರುಗಿಸಿದರು. 'ಪ್ರಾಯೋಜಕರಿಂದ ಬಂದ ಮೊತ್ತ' ಅನ್ನುವ ಕಾಲಂ. ಅದರ ಕೆಳಗೆ ವರ್ಷಕ್ಕೊಂದು ಸಾಲಿನಂತೆ, ಅವರದೇ ಗುಂಡು ಗುಂಡು ಅಕ್ಷರದಲ್ಲಿ: ನಿಲ್. ನಿಲ್. ನಿಲ್. ನಿಲ್.

"ನೋಡ್ರಿ, ಅವರು ಈಗ ಕಲ್ತಾರ. ನಾವು ಮೊದಲಿಂದ್ಲೂ ಇದನ್ನ ಕೊಡ್ತೀವಿ" ಅಂದು ಮಿರ್ಚಿಯ ಕಡೆ ಮರಳಿದರು.

ಅಮೆರಿಕದವರ ಎನ್‌ಐಎಲ್ ಬೇರೆ. ನೇಮ್, ಇಮೇಜ್, ಲೈಕ್‌ನೆಸ್ ಅನ್ನುವ ಮೂರು ಪದಗಳ ಮೊದಲಕ್ಷರ ಅದು. ಹೆಸರು, ಚಿತ್ರ, ಹೋಲಿಕೆ. ಆಟಗಾರ್ತಿಯ ಈ ಮೂರನ್ನು ಯಾರಾದರೂ ಜಾಹೀರಾತಿಗೆ ಬಳಸಿದರೆ ದುಡ್ಡು ಆಕೆಯ ಕೈಗೆ ಬರಬೇಕು. ಅಲ್ಲಿನ ಕಾಲೇಜು ಕ್ರೀಡೆಯ ಯಜಮಾನ ಸಂಸ್ಥೆ ಎನ್‌ಸಿಎಎ ಹುಟ್ಟಿದ್ದು 1906ರಲ್ಲಿ. ವಿದ್ಯಾರ್ಥಿಗಳು ಹವ್ಯಾಸಿಗಳು, ದುಡ್ಡು ಮುಟ್ಟಿದರೆ ಮೈಲಿಗೆ ಎಂದು ಅದು ನೂರಕ್ಕೂ ಹೆಚ್ಚು ವರ್ಷ ಉಪದೇಶ ಮಾಡಿತು. ಟಿವಿಯವರು ಕೊಟ್ಟ ದುಡ್ಡನ್ನು ಮಾತ್ರ ತಾನೇ ಮಡಿಯುಟ್ಟು ಎಣಿಸಿಕೊಳ್ಳುತ್ತಿತ್ತು. 2021ರ ಜೂನ್ 21ರಂದು ಆಲ್‌ಸ್ಟನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಮೂರ್ತಿಗಳೂ ಒಕ್ಕೊರಲಿನಿಂದ ಅದರ ವಿರುದ್ಧ ತೀರ್ಪು ಕೊಟ್ಟರು. ಆ ವ್ಯಾಜ್ಯ ಓದಿಗೆ ಸಂಬಂಧಿಸಿದ ಸವಲತ್ತುಗಳದ್ದು, ನಿಜ. ಆದರೆ ಗಾಳಿ ಎತ್ತ ಬೀಸುತ್ತಿದೆ ಅನ್ನುವುದು ಯಜಮಾನರಿಗೆ ತಿಳಿಯಿತು. ಹತ್ತೇ ದಿನಕ್ಕೆ, ಜುಲೈ 1ಕ್ಕೆ, ಬೀಗ ತೆಗೆದರು.

ಬೀಗ ತೆಗೆದ ದಿನವೇ ಫ್ರೆಸ್ನೊ ಸ್ಟೇಟ್ ತಂಡದ ಅವಳಿ ಸೋದರಿಯರು, ಹೇಲಿ ಮತ್ತು ಹ್ಯಾನಾ ಕ್ಯಾವಿಂಡರ್, ಒಂದು ಮೊಬೈಲ್ ಕಂಪನಿಯ ಜಾಹೀರಾತಿಗೆ ಸಹಿ ಹಾಕಿದರು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಇಬ್ಬರ ಮುಖ ಮಿನುಗಿತು. 2022ರಲ್ಲಿ ಏಂಜಲ್ ರೀಸ್ ಎಂಬಾಕೆ ಮೇರಿಲ್ಯಾಂಡ್ ಬಿಟ್ಟು ಲೂಸಿಯಾನಾದ ಎಲ್‌ಎಸ್‌ಯು ಸೇರಿದಳು. ಮರುವರ್ಷ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು, ಕಂಪನಿಗಳು ಆಕೆಯ ಹಿಂದೆ ಸಾಲುಗಟ್ಟಿದವು. ಓದು ಮುಗಿಸಿ 2024ರಲ್ಲಿ ವೃತ್ತಿಪರ ಲೀಗಿಗೆ ಹೋದಾಗ ಆಕೆಯ ವರ್ಷದ ಸಂಬಳ 73,439 ಡಾಲರ್, ಅಂದರೆ 60 ಲಕ್ಷ ರೂಪಾಯಿ ಆಸುಪಾಸು. ಇದರಲ್ಲಿ ಮನೆ ಬಾಡಿಗೆಯೂ ಹುಟ್ಟುವುದಿಲ್ಲ ಎಂದು ಆಕೆಯೇ ಹೇಳಿಕೊಂಡಳು. ಕಾಲೇಜಿನಲ್ಲಿ ಸಾಹುಕಾರ್ತಿ, ನೌಕರಿಗೆ ಸೇರಿದ ಮೇಲೆ ಬಡವಿ. ನಮ್ಮಲ್ಲಿ ಎರಡೂ ಕಡೆ ಸಮಾನತೆ ಇದೆ.

ಹೀಗಾಗಿ ಅಲ್ಲಿ ಹುಡುಗಿಯನ್ನು ತಂಡಕ್ಕೆ ಕರೆಯಲು ಹೋಗುವ ಕೋಚು ಗ್ರಂಥಾಲಯದಲ್ಲಿ ಎಷ್ಟು ಪುಸ್ತಕ ಇವೆ ಅಂತ ಹೇಳಿದರೆ ಸಾಲದು. ಊರಿನಲ್ಲಿ ಎಷ್ಟು ಜನ ಸಾಹುಕಾರರು ಇದ್ದಾರೆ ಅಂತಲೂ ಹೇಳಬೇಕು. ಆ ಸಾಹುಕಾರ ಅಭಿಮಾನಿಗಳು ಕೂಡಿ ಹಣ ಒಟ್ಟುಮಾಡುವ ಕೂಟಕ್ಕೆ 'ಕಲೆಕ್ಟಿವ್' ಎಂಬ ಗಂಭೀರ ಹೆಸರು. ಓದಿ ಬೆರಗಾದೆ, ಆಮೇಲೆ ಹೊಳೆಯಿತು: ಇದು ನಮ್ಮ ಓಣಿಯ ಗಣೇಶನ ಚಂದಾ ಸಮಿತಿ! ರಸೀದಿ ಪುಸ್ತಕ ಒಂದಿಲ್ಲ ಅಷ್ಟೆ.

ಅವರ ಇನ್ನೊಂದು ದೊಡ್ಡ ಸಂಶೋಧನೆ 'ಟ್ರಾನ್ಸ್‌ಫರ್ ಪೋರ್ಟಲ್'. ಈ ಕಾಲೇಜು ಬೇಸರವಾಯಿತೋ, ಪಟ್ಟಿಯಲ್ಲಿ ಹೆಸರು ಹಾಕು, ಹೆಚ್ಚು ಕೊಡುವ ಕಾಲೇಜಿಗೆ ಹಾರು. 2018ರ ಅಕ್ಟೋಬರಿನಲ್ಲಿ ಶುರು ಮಾಡಿದರಂತೆ. ಬಳ್ಳಾರಿಯವನಾಗಿ ನನಗೆ ನಗು ತಡೆಯಲಾಗಲಿಲ್ಲ. ಸ್ವಾಮಿ, ನಾವು ಈ ವಿದ್ಯೆಯನ್ನು ಅವರಿಗಿಂತ ಹತ್ತು ವರ್ಷ ಮೊದಲೇ, 2008ರಲ್ಲೇ, ಇಡೀ ರಾಜ್ಯಕ್ಕೆ ಕಲಿಸಿದವರು. ಆಗ ಅದರ ಹೆಸರು 'ಆಪರೇಷನ್ ಕಮಲ'. ಆಟಗಾರರು ಶಾಸಕರು, ವಸತಿ ರೆಸಾರ್ಟಿನಲ್ಲಿ, ರಾಜೀನಾಮೆ ಕೊಟ್ಟು ಹೊಸ ಜರ್ಸಿ ತೊಟ್ಟು ಮತ್ತೆ ಕಣಕ್ಕೆ. ಹೆಸರು, ಚಿತ್ರ, ಹೋಲಿಕೆ ಮೂರೂ ಹಾಗೇ, ಬಾವುಟ ಮಾತ್ರ ಬೇರೆ.

ಆ ವಿದ್ಯೆಯಲ್ಲಿ ಅಮೆರಿಕ ಇನ್ನೂ ಒಂದನೇ ಕ್ಲಾಸು ಅನ್ನುವುದಕ್ಕೆ ಸಾಕ್ಷಿ ಕೇಳಿ. ಕ್ಯಾವಿಂಡರ್ ಸೋದರಿಯರು ಮಯಾಮಿ ವಿಶ್ವವಿದ್ಯಾಲಯಕ್ಕೆ ಸೇರುವ ಮೊದಲು ಅಲ್ಲಿನ ಒಬ್ಬ ಧನಿಕ ಅಭಿಮಾನಿ ಅವರನ್ನು ಮನೆಗೆ ಕರೆದು ಊಟ ಹಾಕಿದ. ಆ ಭೇಟಿ ಕೂಡಿಬರಲು ಕೋಚ್ ನೆರವಾಗಿದ್ದರು ಅನ್ನುವುದು ಆರೋಪ. ಕೋಚ್‌ಗೆ ಮೂರು ಪಂದ್ಯ ನಿಷೇಧ. 2023ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯಕ್ಕೆ 5,000 ಡಾಲರ್ ದಂಡ, ಜೊತೆಗೆ ತಂಡದ ಬಜೆಟ್ಟಿನ ನೂರಕ್ಕೆ ಒಂದು ಭಾಗ, ಒಂದು ವರ್ಷ ನಿಗಾ. ಒಂದು ಊಟಕ್ಕೆ! ಈ ಕಾನೂನನ್ನು ನಮ್ಮ ಜಿಲ್ಲೆಗೆ ತಂದರೆ ಚುನಾವಣೆ ಹೋಗಲಿ, ಗೃಹಪ್ರವೇಶವೂ ನಡೆಯದು. ದಂಡ ಬಿದ್ದ ಮರುತಿಂಗಳೇ ಮಯಾಮಿಯ ಹುಡುಗಿಯರು ರಾಷ್ಟ್ರೀಯ ಟೂರ್ನಿಯಲ್ಲಿ ಕಡೆಯ ಎಂಟರ ಘಟ್ಟಕ್ಕೆ ಹೋದರು. ಹಾಕಿದ ಊಟ ಮೈಗೆ ಹತ್ತಿತ್ತು.

ಇನ್ನು ನಮ್ಮ ಕಡೆಯ ನೇಮಕಾತಿಗೆ ಬರುತ್ತೇನೆ.

ತಾಲ್ಲೂಕು ಕ್ರೀಡಾಕೂಟದಲ್ಲಿ ಪಿಡಿ ಸರ್ ಶಾಮಿಯಾನದ ನೆರಳಲ್ಲಿ ಕೂತು ಹುಡುಗಿಯರ ಆಟ ನೋಡುವುದಿಲ್ಲ, ಎತ್ತರ ನೋಡುತ್ತಾರೆ. ಖೋ-ಖೋದಲ್ಲಿ ಕಂಬದ ಹತ್ತಿರ ನಿಂತವಳ ಮುಂದೆ ಕಂಬವೇ ಕುಳ್ಳಗೆ ಕಂಡರೆ ಅವಳೇ ಮುಂದಿನ ವರ್ಷದ ಸೆಂಟರ್. ಬ್ಯಾಸ್ಕೆಟ್‌ಬಾಲನ್ನು ಆಕೆ ಮುಟ್ಟಿಲ್ಲದಿದ್ದರೂ ನಡೆದೀತು. ನಮ್ಮ ಕಾಲೇಜುಗಳಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ನಾಲ್ಕನ್ನೂ ಅವೇ ಏಳೆಂಟು ಹುಡುಗಿಯರು ಆಡುತ್ತಾರೆ. ಬೆಳಿಗ್ಗೆ ಒಂದು ನಿಯಮ, ಮಧ್ಯಾಹ್ನ ಇನ್ನೊಂದು. ಬ್ಯಾಸ್ಕೆಟ್‌ಬಾಲಿನಲ್ಲಿ ಎದುರಾಳಿಯ ಕಾಲು ಹಿಡಿದು ಎಳೆದರೆ ಫೌಲು ಎಂದು ನೆನಪಿಸಬೇಕು, ಅಷ್ಟೆ.

ಆಮೇಲೆ ಮನೆ ಭೇಟಿ. ಸಿರುಗುಪ್ಪದ ಕಡೆಯ ಒಂದು ಹಳ್ಳಿ, ಅಂಗಳದಲ್ಲಿ ಭತ್ತದ ಚೀಲ. ಒಂದು ಸಲ ನಾನೂ ಜೊತೆಗಿದ್ದೆ. ಅಮೆರಿಕದ ಕೋಚು ಇಲ್ಲಿ ಕೂತಿದ್ದರೆ ಮೊದಲ ಪ್ರಶ್ನೆಗೇ ಎದ್ದು ಹೋಗುತ್ತಿದ್ದ.

"ಸರ, ಹುಡುಗಿ ಈಗಾ ಇಷ್ಟುದ್ದ ಅದಾಳ, ಗಂಡು ಸಿಗವಲ್ದು" ಅಂದರು ಅಪ್ಪ. "ನೀವು ಜಿಗಿಸಿ ಜಿಗಿಸಿ ಇನ್ನಾ ಉದ್ದ ಮಾಡ್ತೀರೇನು?"

"ಇಲ್ರೀ ಯಜಮಾನ್ರ. ಉದ್ದ ಇದ್ರನಾ ನೌಕ್ರಿ. ರೈಲ್ವೆದಾಗ ತಗಂತಾರ, ಪೊಲೀಸ್‌ನಾಗ ಸ್ಪೋರ್ಟ್ಸ್ ಕೋಟಾ ಐತಿ."

"ಅದು ಆಮ್ಯಾಲಿನ ಮಾತು. ಈಗ ಏನು ಕೊಡ್ತೀರಿ?"

ಪಿಡಿ ಸರ್ ಬೆರಳು ಮಡಚಿದರು. ಒಂದು ಟ್ರ್ಯಾಕ್ ಸೂಟು. ಪಂದ್ಯದ ದಿನ ಎರಡು ಬಾಳೆಹಣ್ಣು, ಒಂದು ಬನ್ನು, ಪ್ರಿನ್ಸಿಪಾಲರು ಖುಷಿಯಲ್ಲಿದ್ದರೆ ಬೇಯಿಸಿದ ಮೊಟ್ಟೆ. ಹಾಜರಿ ಕಡಿಮೆ ಬಿದ್ದರೆ ತಾನು ನೋಡಿಕೊಳ್ಳುವ ಭರವಸೆ. ಟಿಎ, ಡಿಎ, ಬಿಲ್ಲು ಪಾಸಾದ ಮೇಲೆ. ಬಿಲ್ಲು ಪಾಸಾಗುವ ಹೊತ್ತಿಗೆ ಹುಡುಗಿಯೂ ಪಾಸಾಗಿ ಕಾಲೇಜು ಬಿಟ್ಟಿರುತ್ತಾಳೆ ಅನ್ನುವುದನ್ನು ಅವರು ಹೇಳಲಿಲ್ಲ. ಅಪ್ಪ ಯೋಚಿಸಿ ಕೇಳಿದರು, "ಟ್ರ್ಯಾಕ್ ಸೂಟು ವಾಪಸ್ ಕೊಡಬೇಕೇನ್ರಿ?"

ಕೊಡಬೇಕು. ಮುಂದಿನ ವರ್ಷದ ಸೆಂಟರ್ ಹಾಕಿಕೊಳ್ಳಬೇಕಲ್ಲ.

ಕುರುಗೋಡಿನ ಕಡೆಯ ಇನ್ನೊಬ್ಬ ಹುಡುಗಿಯದು ಬೇರೆ ಕಥೆ. ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಆಕೆ ಅಭ್ಯಾಸಕ್ಕೆ ಬರುವುದಿಲ್ಲ. ಹೊಲದಲ್ಲಿ ದಿನಕ್ಕೆ ಕೂಲಿ ಸಿಗುತ್ತದೆ, ಅಂಕಣದಲ್ಲಿ ದಿನಕ್ಕೆ ನಿಲ್ ಸಿಗುತ್ತದೆ. ಎಂಥ ಆರ್ಥಿಕ ತಜ್ಞನಿಗೂ ಗೊಂದಲವಾಗದ ಲೆಕ್ಕ. ಆದರೂ ಪಿಡಿ ಸರ್‌ಗೆ ಬೇಸರ: "ಈಗಿನ ಹುಡುಗೇರಿಗೆ ಡೆಡಿಕೇಶನ್ ಇಲ್ಲರೀ."

ನಿಜವಾಗಿ ಚೆನ್ನಾಗಿ ಆಡುವವಳು ನಮ್ಮ ಕೈಗೆ ಸಿಗುವುದೂ ಇಲ್ಲ. ಕ್ರೀಡಾ ಇಲಾಖೆಯ ಹಾಸ್ಟೆಲ್ಲಿನವರು ಚಿಕ್ಕಂದಿನಲ್ಲೇ ಆರಿಸಿ ಕರೆದೊಯ್ಯುತ್ತಾರೆ. ಅಲ್ಲಿ ತಪ್ಪಿದರೆ ಮೂಡುಬಿದಿರೆಯ ಆಳ್ವಾಸ್. ಕ್ರೀಡಾ ಪ್ರತಿಭೆಯನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಎಲ್ಲ ಉಚಿತವಾಗಿ ಕೊಡುವ ಸಂಸ್ಥೆ ಅದು. ಕಡೆಗೆ ಎಲ್ಲರ ಕಣ್ಣೂ ರೈಲ್ವೆ ಮೇಲೆ. ಮಹಿಳೆಯರ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲಿನಲ್ಲಿ ಬಹುತೇಕ ವರ್ಷ ಕಪ್ಪು ಎತ್ತುವ ತಂಡ ಇಂಡಿಯನ್ ರೈಲ್ವೇಸ್. ರೈಲಿಗೂ ಬುಟ್ಟಿಗೂ ಏನು ಸಂಬಂಧ ಅಂತ ಕೇಳಬೇಡಿ. ತಿಂಗಳ ಸಂಬಳಕ್ಕೂ ಬುಟ್ಟಿಗೂ ಇರುವ ಸಂಬಂಧವೇ ಅದು. ನಮ್ಮದೇ ಜಿಲ್ಲೆಯ ತೋರಣಗಲ್ಲಿನ ಬಳಿ ಜೆಎಸ್‌ಡಬ್ಲ್ಯೂ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ತೆರೆಯಿತು. ಒತ್ತು ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆ. ಅಲ್ಲಿಗೆ ದೇಶದ ಮೂಲೆ ಮೂಲೆಯಿಂದ ಮಕ್ಕಳು ನಮ್ಮ ಬಿಸಿಲಿಗೆ ಬಂದು ಬಿದ್ದಿದ್ದಾರೆ. ಹಾಸಿಗೆ, ಊಟ, ವೈದ್ಯ, ಕೋಚು ಇದ್ದರೆ ಬಳ್ಳಾರಿಯೂ ತಂಪು. ಅಮೆರಿಕ ಎನ್‌ಐಎಲ್ ಎಂದು ದೊಡ್ಡದಾಗಿ ಕರೆಯುವ ಗುಟ್ಟು ಇಷ್ಟೇ: ಎಲೆ ಹಾಕಿದಲ್ಲಿಗೆ ಜನ ಬರುತ್ತಾರೆ.

ನಮ್ಮಲ್ಲೂ ಒಂದು ಕಲೆಕ್ಟಿವ್ ಕಟ್ಟಿದರೆ ಹೇಗಿರುತ್ತದೆ ಅಂತ ಕಣ್ಣು ಮುಚ್ಚಿ ಊಹಿಸಿಕೊಂಡೆ. ಸಭೆಗೆ ಬಂದವರು ಮೂವರು: ಸಿರುಗುಪ್ಪದ ರೈಸ್ ಮಿಲ್ಲಿನ ಸಾಹುಕಾರರು, ಬಳ್ಳಾರಿಯ ಜೀನ್ಸ್ ಘಟಕದ ಅಣ್ಣ, ಕುರುಗೋಡಿನ ಮೆಣಸಿನಕಾಯಿ ವ್ಯಾಪಾರಿ.

ಸಾಹುಕಾರರು: "ಸೋನಾ ಮಸೂರಿ ಚೀಲದ ಮ್ಯಾಲೆ ಹುಡುಗಿ ಫೋಟೊ ಹಾಕಬೋದು. ಆದ್ರ ಈಗ ದೇವರ ಫೋಟೊ ಐತಿ. ದೇವರು ರೊಕ್ಕ ಕೇಳಂಗಿಲ್ಲ."

ಜೀನ್ಸ್ ಅಣ್ಣ: "ನಮಗ ಮಾಡೆಲ್ ಬೇಕು, ಖರೆ. ಆದ್ರ ಬಿಸಿಲಿನಾಗ ಆಡಿ ಆಡಿ ಕರ್ರಗಾಗ್ಯಾಳ. ಬೆಂಗಳೂರಿಂದ ಒಬ್ಬಾಕಿನ್ನ ಕರಸ್ತೀವಿ, ಕೈಯಾಗ ಬಾಲು ಕೊಡ್ತೀವಿ."

ಮೆಣಸಿನಕಾಯಿ ವ್ಯಾಪಾರಿ ಮಾತ್ರ ಧಾರಾಳಿ: "ಗೆದ್ದು ಬರ್ಲಿ, ದೃಷ್ಟಿ ತೆಗೆಯಾಕ ಎಷ್ಟು ಬೇಕೋ ಅಷ್ಟು ಮೆಣಸಿನಕಾಯಿ ನನ್ನ ಖರ್ಚು."

ನಗಬೇಡಿ, ಜೀನ್ಸ್ ಅಣ್ಣ ಹೇಳಿದ್ದು ಅಮೆರಿಕದಲ್ಲೂ ನಡೆಯುವ ಮಾತೇ. ಅಲ್ಲಿಯೂ ಜಾಹೀರಾತಿನ ದುಡ್ಡು ಎಷ್ಟು ಬುಟ್ಟಿ ಹಾಕಿದಳು ಎಂದಷ್ಟೇ ನೋಡುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಎಷ್ಟು ಮಂದಿ ಹಿಂಬಾಲಕರು, ಕ್ಯಾಮೆರಾ ಮುಂದೆ ಹೇಗೆ ಕಾಣುತ್ತಾಳೆ ಎಂದೂ ನೋಡುತ್ತದೆ. ಮುಖ ನೋಡಿ ಮಣೆ ಹಾಕುವುದು ಜಗತ್ತಿನ ಎಲ್ಲ ಮಾರುಕಟ್ಟೆಯ ಪದ್ಧತಿ. 2025ರಿಂದ ಅಲ್ಲಿ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ 2 ಕೋಟಿ 5 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 170 ಕೋಟಿ ರೂಪಾಯಿಗೂ ಹೆಚ್ಚು. ಆದರೆ ಹಲವು ದೊಡ್ಡ ಕಾಲೇಜುಗಳಲ್ಲಿ ಸಿಂಹಪಾಲು ಗಂಡುಹುಡುಗರ ಫುಟ್‌ಬಾಲಿಗೆ. ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲಿಗೆ ನೂರಕ್ಕೆ ಐದರ ಆಸುಪಾಸು. ಟೂರ್ನಿಯಲ್ಲಿ ಗೆದ್ದ ತಂಡದ ಪಾಲಾಗಿ ಎನ್‌ಸಿಎಎ ಕೊಡುವ ಹಣ ಗಂಡುಹುಡುಗರಿಗೆ 1991ರಿಂದ ಇತ್ತು, ಹುಡುಗಿಯರಿಗೆ ಶುರುವಾದದ್ದು 2025ರಲ್ಲಿ. ಅದಕ್ಕೂ ಹಿಂದಿನ ವರ್ಷವೇ ಹುಡುಗಿಯರ ಫೈನಲನ್ನು ಸುಮಾರು 1 ಕೋಟಿ 87 ಲಕ್ಷ ಜನ ಟಿವಿಯಲ್ಲಿ ನೋಡಿದ್ದರು, ಗಂಡುಹುಡುಗರ ಫೈನಲಿಗಿಂತ ಹೆಚ್ಚು. ಆ ಪಂದ್ಯ ಗೆದ್ದುಕೊಟ್ಟ ಕಾಲೇಜಿಗೆ ಸಂಸ್ಥೆ ಕೊಟ್ಟ ಪಾಲು? ಪಿಡಿ ಸರ್ ರಿಜಿಸ್ಟರ್ ನೋಡಿ.

ಈಗ ನಮ್ಮ ಟೈಮ್ಸ್ ಸ್ಕ್ವೇರಿಗೆ ಬನ್ನಿ: ರಾಯಲ್ ಸರ್ಕಲ್.

ನಮ್ಮ ಹುಡುಗಿಯರು ಅಂತರಕಾಲೇಜು ಕೂಟದಲ್ಲಿ ಗೆದ್ದರು. ಮರುದಿನ ಬೆಳಗಾಗುವುದರೊಳಗೆ ಫ್ಲೆಕ್ಸು ಎದ್ದಿತು. ಹತ್ತಿರ ಹೋಗಿ ನಿಂತು ನೋಡಿದೆ. ಮೇಲೆ ಮೋಡದ ನಡುವೆ ಮೂವರು ರಾಜ್ಯ ನಾಯಕರು. ನಟ್ಟನಡುವೆ ಆಳೆತ್ತರಕ್ಕೆ ಸ್ಥಳೀಯ ಮುಖಂಡರು. ಬಿಳಿ ಅಂಗಿ, ಕಪ್ಪು ಕನ್ನಡಕ, ಕೈ ಜೋಡಿಸಿದ್ದಾರೆ. ಎರಡೂ ಬದಿಗೆ ಅವರ ಹಿತೈಷಿಗಳು, ತಲಾ ಒಂದು ಮೊಬೈಲ್ ಹಿಡಿದು ಯಾರೊಂದಿಗೋ ಮಾತಾಡುತ್ತಿದ್ದಾರೆ. ಅಡಿಯಲ್ಲಿ, ಶುಭಕೋರುವ ಯುವಕ ಮಂಡಳಿಯ ಹೆಸರಿಗಿಂತ ಕೆಳಗೆ, ಅಂಚೆಚೀಟಿಯಷ್ಟು ಅಗಲದ ಐದು ಮುಖ. ಅವರೇ ಗೆದ್ದವರು. ಮೂರನೆಯವಳ ಹೆಸರಿನ ಕೊನೆಯ ಅಕ್ಷರ ಹಾರಿಹೋಗಿ ಆಕೆ ಹುಡುಗನಾಗಿದ್ದಳು. ಫೋಟೊ ಆಧಾರ್ ಕಾರ್ಡಿನಿಂದ ತೆಗೆದದ್ದು, ಹಾಗಾಗಿ ಗೆದ್ದ ಐವರೂ ಏನೋ ಕಳೆದುಕೊಂಡವರಂತೆ ನಿಂತಿದ್ದರು. ಹೆಸರು ತಪ್ಪು, ಚಿತ್ರ ಹಳತು, ಹೋಲಿಕೆ ಇಲ್ಲವೇ ಇಲ್ಲ.

ಫ್ಲೆಕ್ಸ್ ಅಂಗಡಿಯವನಿಗೆ ದುಡ್ಡು ಸಿಕ್ಕಿತು. ಗೂಟ ನೆಟ್ಟವನಿಗೆ ಕೂಲಿ ಸಿಕ್ಕಿತು. ಮುಖಂಡರಿಗೆ ಪ್ರಚಾರ ಸಿಕ್ಕಿತು. ಹುಡುಗಿಯರಿಗೆ ಸಿಕ್ಕಿದ್ದು ಒಂದೊಂದು ಶಾಲು. ಅದನ್ನೂ ಫೋಟೊ ತೆಗೆದ ಮೇಲೆ ಮುಂದಿನ ಕಾರ್ಯಕ್ರಮಕ್ಕೆ ಬೇಕೆಂದು ಯಾರೋ ಮಡಚಿಟ್ಟುಕೊಂಡರು.

ಕಾಲೇಜೂ ಹಿಂದೆ ಬಿದ್ದಿಲ್ಲ. ಪ್ರಾಸ್ಪೆಕ್ಟಸಿನ ಮುಖಪುಟದಲ್ಲಿ ಗೆದ್ದವರಲ್ಲೊಬ್ಬಳು ಗಾಳಿಯಲ್ಲಿ ತೇಲುತ್ತಿದ್ದಾಳೆ, ಅಡಿಯಲ್ಲಿ 'ಪ್ರವೇಶ ಪ್ರಾರಂಭವಾಗಿದೆ'. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಆಕೆಯ ಪದಕ, ಪ್ರಮಾಣಪತ್ರ, ಫೋಟೊ ಎಲ್ಲ ಫೈಲಿನಲ್ಲಿ. ವಿದ್ಯಾರ್ಥಿಗಳು ಕ್ರೀಡೆಯಲ್ಲಿ ಗೆದ್ದರೆ ಅದಕ್ಕೂ ಅಂಕವಿದೆ. ಅಂಕ ಕಾಲೇಜಿಗೆ, ಗ್ರೇಡು ಕಾಲೇಜಿಗೆ, ಆಕೆಯ ಬ್ಯಾಕ್ ಪೇಪರ್ ಮಾತ್ರ ಆಕೆಗೆ. ಅಮೆರಿಕದಲ್ಲಿ ಹುಡುಗಿಯ ಚಿತ್ರ ನೋಡಿ ಇನ್ನೊಬ್ಬ ವಿದ್ಯಾರ್ಥಿನಿ ಫೀ ಕಟ್ಟಿದರೆ ಅದನ್ನು ಮಾರುಕಟ್ಟೆ ಎನ್ನುತ್ತಾರೆ. ಇಲ್ಲಿ ಅದಕ್ಕೆ 'ಸಂಸ್ಥೆಯ ಹೆಮ್ಮೆ' ಎಂದು ಹೆಸರು. ಹೆಮ್ಮೆಗೆ ಜಿಎಸ್‌ಟಿ ಇಲ್ಲ.

ಹೆಸರನ್ನೂ ಚಿತ್ರವನ್ನೂ ಪುಕ್ಕಟೆ ಕೊಟ್ಟವರು ಈ ಸೀಮೆಯಲ್ಲಿ ಇನ್ನೊಬ್ಬರಿದ್ದಾರೆ: ಕುರುಗೋಡಿನ ದೊಡ್ಡಬಸವೇಶ್ವರ. ಕಿರಾಣಿ ಅಂಗಡಿಗೂ ಅವನ ಹೆಸರು, ಟ್ರ್ಯಾಕ್ಟರಿನ ಮುಂದೆಯೂ ಅವನ ಚಿತ್ರ. ಆದರೆ ಅವನಿಗೆ ವರ್ಷಕ್ಕೊಮ್ಮೆ ತೇರು ಎಳೆಯುತ್ತೇವೆ. ಬಸವಣ್ಣನ ಮಟ್ಟಿಗಾದರೂ ನಮ್ಮ ಕಲೆಕ್ಟಿವ್ ಪ್ರಾಮಾಣಿಕ.

ಇದನ್ನೆಲ್ಲ ಹೇಳಿದರೆ ನಮ್ಮ ಹಿರಿಯರು ಕೆಮ್ಮುತ್ತಾರೆ. "ಆಟವನ್ನು ದುಡ್ಡಿನಿಂದ ಅಳೀಬಾರದು. ಅಮೆರಿಕದವರು ಮಕ್ಕಳನ್ನ ಸಂತೆಯ ದನ ಮಾಡಿದ್ದಾರೆ" ಅನ್ನುತ್ತಾರೆ. ಅಳೆಯಬಾರದು, ಒಪ್ಪಿದೆ. ಆದರೆ ಅಳೆಯಬಾರದೆನ್ನುವ ಕೈಯಲ್ಲಿ ಸದಾ ಗಜಕೋಲು ಇರುತ್ತದಲ್ಲ! 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಫೈನಲಿನಲ್ಲಿ ನಮ್ಮ ಹುಡುಗಿಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಅಂದು ಮಿಂಚಿದವಳು ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ. ಮಹಾರಾಷ್ಟ್ರ ಸರ್ಕಾರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ, ಜೊತೆಗೆ ನೌಕರಿ ಎಂದಿತು. ನಮ್ಮ ಸರ್ಕಾರ ಚೈತ್ರಾ ಮತ್ತು ಪುರುಷರ ತಂಡದ ಎಂ.ಕೆ. ಗೌತಮ್‌ಗೆ ತಲಾ 5 ಲಕ್ಷ ಎಂದಿತು. ಇಬ್ಬರೂ ಬೇಡ ಎಂದರು. ಆ ಮಕ್ಕಳಿಗೆ ದುಡ್ಡಿನಾಸೆ ಅನ್ನುವುದು ಸುಲಭ. ಒಂದು ಗಡಿಕಲ್ಲಿನ ಆಚೆ ಈಚೆ ಒಂದೇ ಪದಕಕ್ಕೆ 45 ಪಟ್ಟು ವ್ಯತ್ಯಾಸ ಇಟ್ಟವರಿಗೆ ಏನಾಸೆ ಅಂತಲೂ ಕೇಳಬೇಕಲ್ಲ.

ಪಿಡಿ ಸರ್ ಕೆಟ್ಟವರಲ್ಲ. ಹಲವು ಸಲ ಬಾಳೆಹಣ್ಣಿನ ದುಡ್ಡು ಅವರ ಜೇಬಿನದೇ. ನೆಟ್ ಇಲ್ಲದ ರಿಂಗು, ಬೋಳು ತಲೆಯಂತೆ ನುಣುಪಾದ ಚೆಂಡು, ಮಧ್ಯಾಹ್ನ ಅಂಬಲಿ ಕುದಿಸಬಹುದಾದ ಸಿಮೆಂಟಿನ ಅಂಕಣ, ಅದರ ಮೇಲೂ ಪರೀಕ್ಷೆ ಬಂದರೆ ಬೈಕುಗಳ ಸಾಲು. ಇಷ್ಟರಲ್ಲೇ ಅವರು ಮೂರು ವರ್ಷ ಕಷ್ಟಪಟ್ಟು ಒಬ್ಬಳನ್ನು ತಯಾರು ಮಾಡುತ್ತಾರೆ. ನಾಲ್ಕನೇ ವರ್ಷ ಆಕೆ ಬಂದು ಅವರ ಟೇಬಲ್ಲಿನ ಮೇಲೆ ಅರಿಶಿನ ಹಚ್ಚಿದ ಕವರು ಇಡುತ್ತಾಳೆ. ನಮ್ಮ ಟ್ರಾನ್ಸ್‌ಫರ್ ಪೋರ್ಟಲಿನ ಇನ್ನೊಂದು ಹೆಸರು ಲಗ್ನಪತ್ರಿಕೆ. ಅದರಲ್ಲಿ ಮಾತ್ರ ಆಕೆಯ ಹೆಸರು ತಪ್ಪಿಲ್ಲದೆ ಅಚ್ಚಾಗಿರುತ್ತದೆ.

ಫ್ಲೆಕ್ಸು ಎದ್ದುದರ ಹಿಂದಿನ ಸಂಜೆ, ಅಂದರೆ ಗೆದ್ದ ದಿನವೇ, ಸಿರುಗುಪ್ಪದ ಹುಡುಗಿಯನ್ನು ಬಸ್ಸು ಹತ್ತಿಸಲು ಪಿಡಿ ಸರ್ ಜೊತೆ ನಾನೂ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಬೆಳಿಗ್ಗೆ ಸೆಮಿಫೈನಲ್, ಮಧ್ಯಾಹ್ನ ಫೈನಲ್, ಎರಡನ್ನೂ ಆಡಿದ್ದಳು. ಮಂಡಿಯ ಮೇಲೆ ಸಿಮೆಂಟು ಕಿತ್ತ ಗಾಯ, ಅದಕ್ಕೆ ಒತ್ತಿದ ಅರಿಶಿನ. ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ಕೈ ಚಾಚಿದರು. ಆಕೆ ಆಧಾರ್ ಕಾರ್ಡು ಕೊಟ್ಟಳು. ಕಿಟಕಿಯ ಈಚೆ ನಿಂತು ನಾನು ನೋಡುತ್ತಿದ್ದೆ. ಅವರು ಮೊದಲು ಹೆಸರು ಓದಿದರು. ಆಮೇಲೆ ಫೋಟೊ ನೋಡಿದರು. ಆಮೇಲೆ ಕತ್ತೆತ್ತಿ ಆಕೆಯ ಮುಖ ನೋಡಿದರು, ಮತ್ತೆ ಫೋಟೊ, ಮತ್ತೆ ಮುಖ.

"ನೀನೇನಮ್ಮಾ ಇದು?"

"ಹೌದ್ರಿ."

ಹೆಸರು, ಚಿತ್ರ, ಹೋಲಿಕೆ. ಮೂರನ್ನೂ ಒಬ್ಬ ಮನುಷ್ಯ ಶ್ರದ್ಧೆಯಿಂದ ತಾಳೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ತಾಳೆಯಾಯಿತು. ಅವರು ಶಕ್ತಿ ಯೋಜನೆಯ ಟಿಕೆಟ್ ಹರಿದು ಕೊಟ್ಟರು. 2023ರ ಜೂನ್ 11ರಿಂದ ರಾಜ್ಯದ ಎಲ್ಲ ಹೆಣ್ಣುಮಕ್ಕಳಿಗೂ ಸಿಗುವಂಥದು, ಮೊತ್ತದ ಜಾಗದಲ್ಲಿ ಸೊನ್ನೆ. ಆಕೆ ಅದನ್ನು ಮಡಚಿ, ವಾಪಸ್ ಕೊಡಬೇಕಾದ ಟ್ರ್ಯಾಕ್ ಸೂಟಿನ ಜೇಬಿನಲ್ಲಿಟ್ಟುಕೊಂಡಳು. ಕೂರಲು ಜಾಗ ಎಲ್ಲಾದರೂ ಇದೆಯಾ ಅಂತ ಕಣ್ಣಾಡಿಸಿದಳು. ಸಿರುಗುಪ್ಪ ಇನ್ನೂ 50 ಚಿಲ್ಲರೆ ಕಿಲೋಮೀಟರು.

ಕಂಡಕ್ಟರ್ ಸೀಟಿ ಊದುವ ಮೊದಲು ಹೇಳಿದರು:

"ಸೀಟಿಲ್ಲಮ್ಮಾ. ನಿಲ್ಲು."